ಕಡೆಯ ಮೂರು ರೀಲು

ಮೊಣ್ಣಪ್ಪ ಮೇಷ್ಟ್ರ ಬರಹ ಶುಕ್ರವಾರದ ವಾರಪತ್ರಿಕೆಯಲ್ಲಿ ಬಂದರೆ ಶನಿವಾರ ಮಡಿಕೇರಿಯ ಸಿನಿಮಾ ಡೇರೆಯಲ್ಲಿ ಹೆಂಗಸರ ಬೆಂಚು ಖಾಲಿ. ಪತ್ರಿಕೆಯ ಮೊದಲ ಪುಟದಲ್ಲಿ ಕೊಡಗು ಮೈಸೂರಿಗೆ ಸೇರಬೇಕೋ ಬೇಡವೋ ಎಂಬ ಜಗಳ, ಒಳಗೆ ಕಾಫಿಯ ಧಾರಣೆ, ಕೊನೆಯ ಪುಟದ ಎಡಮೂಲೆಯಲ್ಲಿ ‘ನಿಷ್ಪಕ್ಷಪಾತಿ’ ಎಂಬ ಹೆಸರಿನಡಿ ಮೇಷ್ಟ್ರ ಚಿತ್ರವಿಮರ್ಶೆ. ನಿಷ್ಪಕ್ಷಪಾತಿ ಯಾರೆಂದು ಸಂಪಾಜೆಯಿಂದ ವಿರಾಜಪೇಟೆಯವರೆಗೆ ಎಲ್ಲರಿಗೂ ಗೊತ್ತಿತ್ತು. ನಾಲ್ಕು ವರ್ಷದಲ್ಲಿ ಅವರು ಒಪ್ಪಿದ ಚಿತ್ರಗಳು ಎರಡೇ. ಆ ಎರಡರಲ್ಲೂ ನಾಯಕಿ ಇಂಟರ್ವಲ್ಲಿಗೆ ಮೊದಲೇ ಅಳಲು ಶುರು ಮಾಡಿದ್ದಳು.

ಜನವರಿಯ ಕೊನೆಯ ಶುಕ್ರವಾರ ಆ ಪತ್ರಿಕೆಯನ್ನು ಮೂರ್ನಾಡಿನ ಮೇಷ್ಟ್ರ ಮನೆಯ ಅಡಿಗೆಕೋಣೆಯಲ್ಲೇ ಓದಲಾಯಿತು. ಮೇಷ್ಟ್ರ ಹೆಂಡತಿ ಪೂವಮ್ಮ ಒಲೆಯ ಮುಂದೆ ಅಕ್ಕಿರೊಟ್ಟಿ ತಟ್ಟುತ್ತಿದ್ದಳು. ಮಗ ಧರ್ಮಪಾಲ ಗೋಡೆಗೊರಗಿ ತಿನ್ನುತ್ತಿದ್ದ. ಅತ್ತೆ ಬೊಳ್ಳಮ್ಮ ರೊಟ್ಟಿಯ ಚೂರನ್ನು ಕಾಫಿಯಲ್ಲಿ ನೆನೆಸಿ ಬಾಯಿಗಿಡುತ್ತಿದ್ದಳು. ಮಗಳು ಯಮುನ ಬಾಗಿಲ ಬೆಳಕಿಗೆ ಪತ್ರಿಕೆ ಹಿಡಿದು ಓದಿದಳು:

“‘ಹಾರ್ಮೋನಿಯಂ ಅಳಿಯ’ ಎಂಬ ಈ ಚಿತ್ರದಲ್ಲಿ ಹಾಡು ಒಂಬತ್ತು, ನೀತಿ ಸೊನ್ನೆ. ಹಾರ್ಮೋನಿಯಂ ಬಾರಿಸುವ ಒಬ್ಬ ಪೋಕರಿಯು, ಸಂಗೀತವೆಂದರೆ ಸಿಡಿಮಿಡಿಗೊಳ್ಳುವ ಸಾಹುಕಾರನ ಮನೆಗೆ ಅಡಿಗೆಯವನ ವೇಷದಲ್ಲಿ ಸೇರಿ ಸೌಟು ಹಿಡಿದು ಕುಣಿಯುತ್ತಾನೆ. ಹೆತ್ತ ತಂದೆಯನ್ನು ಹೆಣ್ಣುಮಕ್ಕಳು ಭತ್ತದ ಕಣಜಕ್ಕೆ ತಳ್ಳಿ ಮುಚ್ಚಳದ ಮೇಲೆ ಕುಳಿತು ಹಾಡುತ್ತಾರೆ. ತಂದೆ ಕಣಜದೊಳಗೆ, ಮಕ್ಕಳು ಮುಚ್ಚಳದ ಮೇಲೆ. ಇದೇ ಈ ಚಿತ್ರದ ಸಂದೇಶ. ಮಾನವಂತರು ಮನೆಯ ಹೆಂಗಸರನ್ನು ಈ ಡೇರೆಯ ಹತ್ತಿರ ಸುಳಿಯಗೊಡಬಾರದು.”

“ಸೌಟು ಹಿಡ್ದ್ ಕುಣಿಯುದಾ?” ಎಂದಳು ಬೊಳ್ಳಮ್ಮ. “ಪದ ಒಳ್ಳೆದುಟ್ಟಾ?”

ಧರ್ಮಪಾಲ ತಟ್ಟೆ ಆಚೆ ತಳ್ಳಿದ. “ಅವ್ವ, ಆ ಡೇರೆಲಿ ಅವರ ಮಗ ಕೆಲಸ ಮಾಡ್ದು ನೆನಪುಟ್ಟಾ ಕೇಳ್.”

ಮೇಷ್ಟ್ರು ನಡುಮನೆಯಲ್ಲಿ ಕನ್ನಡಿಯ ಮುಂದೆ ಗಡ್ಡ ಹೆರೆಯುತ್ತಿದ್ದರು. ಮನೆಯವರೆಲ್ಲ ಅರೆಭಾಷೆ ಆಡಿದರೂ ಅವರದು ಮನೆಯಲ್ಲೂ ಶಾಲೆಯ ಕನ್ನಡವೇ. “ನೆನಪಿದೆ. ಮಗ ಕೆಲಸಕ್ಕಿದ್ದಾನೆಂದು ಹೊಗಳಿದರೆ ಅದು ವಿಮರ್ಶೆಯಲ್ಲ, ಲಂಚ,” ಎಂದರು, ಕೆನ್ನೆ ಉಬ್ಬಿಸಿಕೊಂಡು.

“ಹೊಗಳಿ ಅಂತ ಯಾರ್ ಹೇಳ್ದು? ಒಂದು ವಾರ ಸುಮ್ಮನೆ ಇದ್ದರೆ ಸಾಕಿತ್.”

“ಮೂರನೇ ಫಾರಂ ಎರಡು ಸಲ ನಪಾಸಾದವನಿಂದ ನಾನು ಬರೆಯಲು ಕಲಿಯಬೇಕಾಗಿಲ್ಲ.”

ಧರ್ಮಪಾಲ ಎದ್ದು, ಕೈತೊಳೆಯದೆ, ಸೈಕಲ್ ಏರಿ ಮಡಿಕೇರಿಯ ದಾರಿ ಹಿಡಿದ. ಅಂಗಳದಲ್ಲಿ ಹರವಿದ್ದ ಕಾಫಿಹಣ್ಣಿನ ಮೇಲೇ ಸೈಕಲಿನ ಚಕ್ರ ಹೋಯಿತು. ಪೂವಮ್ಮ ಹೊರಗೆ ಬಂದು ಹಣ್ಣನ್ನು ಮತ್ತೆ ಹರವಿದಳು. ಈ ಮನೆಯಲ್ಲಿ ಗಂಡಸರು ಎದ್ದುಹೋದ ಜಾಗವನ್ನು ಸರಿಮಾಡುವ ಕೆಲಸ ಅವಳದೇ.

ಹುಡುಗನ ಸಿಟ್ಟಿಗೆ ಕಾರಣವಿತ್ತು. ಶಾಲೆ ಬಿಟ್ಟ ಮೇಲೆ ಮೇಷ್ಟ್ರು ಅವನನ್ನು ತಮ್ಮ ಭಾವ ಬೆಳ್ಯಪ್ಪನವರ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವ ರೈಟರ್ ಕೆಲಸಕ್ಕೆ ಹಾಕಿದ್ದರು. ಕಾಫಿಹಣ್ಣು ಕೀಳುವ ಪಿಕಿಂಗ್ ಸಮಯದಲ್ಲಿ ಕೂಸಿಗೆ ಹಾಲೂಡಲು ಕುಳಿತ ಹೆಣ್ಣಾಳುಗಳ ಹೆಸರಿನ ಮುಂದೆ ಅರ್ಧ ದಿನ ಎಂದು ಬರೆಯುವುದು ಅವನ ಪಾಲಿನ ವಿದ್ಯೆ. ಮೂರು ತಿಂಗಳು ಬರೆದ. ಒಂದು ದಿನ ಹಾಜರಿ ಪುಸ್ತಕವನ್ನು ಮಾವನ ಕಾಲ ಬುಡಕ್ಕೆ ಎಸೆದು ನಡೆದೇ ಮನೆಗೆ ಬಂದ. ಆಮೇಲೆ ಸಿಕ್ಕಿದ್ದು ಈ ಡೇರೆ. ಮೈಸೂರು ಕಡೆಯ ಚನ್ನಮಲ್ಲಪ್ಪ ಅದರ ಯಜಮಾನ. ಧರ್ಮಪಾಲ ತಗಡಿನ ತುತ್ತೂರಿ ಹಿಡಿದು ಊರೂರಲ್ಲಿ ಚಿತ್ರದ ಹೆಸರು ಕೂಗುತ್ತಿದ್ದ, ನೋಟೀಸು ಹಂಚುತ್ತಿದ್ದ, ಸಂಜೆ ಟಿಕೇಟು ಹರಿಯುತ್ತಿದ್ದ. ಈ ಚಿತ್ರ ಶಿವರಾತ್ರಿಯವರೆಗೆ ಓಡಿದರೆ ಮೂರ್ನಾಡಿನಲ್ಲೇ ಎರಡನೇ ಡೇರೆ ಹಾಕುತ್ತೇನೆ, ಅದು ನಿನ್ನ ಕೈಗೆ ಎಂದು ಚನ್ನಮಲ್ಲಪ್ಪ ಮಾತು ಕೊಟ್ಟಿದ್ದ. ಓಡದಿದ್ದರೆ ಗೂಟ ಕಿತ್ತು ಘಟ್ಟ ಇಳಿದು ಸಂಪಾಜೆಯ ಆಚೆ ಹೋಗುವುದು. ಅಲ್ಲಿ ಕೂಗಲು ಅಲ್ಲಿಯವರೇ ಇದ್ದಾರೆ. ಡೇರೆ ಹೋದ ದಿನವೇ ನೀನು ಮತ್ತೆ ಬೆಳ್ಯಪ್ಪನ ಎಸ್ಟೇಟಿಗೆ ಎಂದು ಮೇಷ್ಟ್ರು ಖಡಾಖಂಡಿತ ಹೇಳಿಬಿಟ್ಟಿದ್ದರು.

‘ಮಾನವಂತರು’ ಎಂಬ ಒಂದೇ ಶಬ್ದ ಸಾಕಾಯಿತು. ಎಸ್ಟೇಟಿನ ಲೈನುಮನೆಗಳ ಆಳುಗಳು ನೆಲದ ಟಿಕೇಟಿಗೆ ಬರುತ್ತಲೇ ಇದ್ದರು, ಅವರಿಗೆ ಪತ್ರಿಕೆ ಓದಿ ಹೇಳುವವರಿಲ್ಲ. ಹೆಂಗಸರ ಬೆಂಚಿಗೆ ಜನ ಬರುವುದು ನಿಂತಿತು. ಕಚೇರಿಯ ಗುಮಾಸ್ತರು, ಅಂಗಡಿಯವರು ಮನೆಯ ಹೆಂಗಸರನ್ನು ಮನೆಯಲ್ಲೇ ಬಿಟ್ಟು ತಾವು ಮಾತ್ರ ಬಂದು, ಹಿಂದಿನ ಸಾಲಿನಲ್ಲಿ ಕುಳಿತು, ಹೊಟ್ಟೆ ಹಿಡಿದು ನಕ್ಕು, ಹೊರಗೆ ಹೋಗಿ “ಮೇಷ್ಟ್ರು ಬರೆದದ್ದು ಸರಿ” ಎಂದರು.

ಆ ವಾರವೆಲ್ಲ ಪೂವಮ್ಮ ಒಂದೊಂದು ಹೊತ್ತಿಗೂ ಎರಡೆರಡು ಸಲ ಬಡಿಸಿದಳು. ಅಪ್ಪ ಎದ್ದ ಮೇಲೆ ಮಗ ಕೂರುವುದು, ಮಗ ಇದ್ದರೆ ಅಪ್ಪನಿಗೆ ಹಸಿವಿಲ್ಲ. ಅಪ್ಪನಿಗೆ ಹುರುಳಿ ಸಾರು ಬಿಸಿಯಿರಬೇಕು, ಮಗನಿಗೆ ಒಣಮೀನಿನ ಚಟ್ನಿ ಇಲ್ಲದಿದ್ದರೆ ಗಂಟಲಲ್ಲಿಳಿಯದು.

“ಅವ್ವ, ಅವರ ಪತ್ರಿಕೆಲಿ ಈ ವಾರ ಯಾರ ಹೊಟ್ಟೆಗೆ ಹೊಡ್ದುಟ್ಟು ಕೇಳ್.”

“ನೀನೇ ಕೇಳ್ ಮಾರಾಯ. ನನ್ನ ಬಾಯಿ ಎಂತ ಬಾಡಿಗೆಗೆ ಕೊಟ್ಟುಟ್ಟಾ?”

ಮುಂದಿನ ಬುಧವಾರ ಚನ್ನಮಲ್ಲಪ್ಪನೇ ಮನೆಗೆ ಬಂದ. ಜರಿಯ ಪೇಟ, ಹಣೆಯಲ್ಲಿ ವಿಭೂತಿ, ಕಂಕುಳಲ್ಲಿ ಛತ್ರಿ. ಪೂವಮ್ಮ ಕೊಟ್ಟ ಕಾಫಿಯನ್ನು ಗೌರವದಿಂದ ಎರಡೂ ಕೈಯಲ್ಲಿ ತೆಗೆದುಕೊಂಡ.

“ಮೇಷ್ಟ್ರೇ, ತಾವು ಬೈದಿದ್ದಕ್ಕೆ ನಾನು ಬ್ಯಾಡ ಅನ್ನಲ್ಲ. ಬೈಯೋದು ತಮ್ಮ ಹಕ್ಕು. ಆ ಹೆಂಗಸ್ರ ಮಾತೊಂದು ವಾಪಸ್ ತಗಳಿ. ಇನ್ನೊಂದು ವಾರ ಹಿಂಗೇ ಆದ್ರೆ ನಾನು ಗಂಟುಮೂಟೆ ಕಟ್ಟಬೇಕಾಯ್ತದೆ.”

“ತಂದೆಯನ್ನು ಕಣಜಕ್ಕೆ ನೂಕುವುದನ್ನು ಹೆಣ್ಣುಮಕ್ಕಳು ನೋಡಬೇಕೇ ಚನ್ನಮಲ್ಲಪ್ಪನವರೇ?”

“ತಮಾಷೆ ಸ್ವಾಮೀ ಅದು. ಜನ ನಗ್ತಾರೆ.”

“ನಗುವುದಕ್ಕೆ ಒಂದು ಕಾರಣ ಬೇಡವೇ?”

ಚನ್ನಮಲ್ಲಪ್ಪ ಲೋಟ ಕೆಳಗಿಟ್ಟ. “ನಗೋಕೂ ಕಾರಣ ಕೇಳಿದ್ರೆ ನಾನು ಬಡವ, ಎಲ್ಲಿಂದ ತರ್ಲಿ?” ಎಂದು ಎದ್ದ. ಹೋಗುವಾಗ ಪೂವಮ್ಮನಿಗೆ ಕೈಮುಗಿದು, “ಹುಡುಗ ಒಳ್ಳೇವ್ನು ತಾಯಿ. ಗಂಟ್ಲು ಚೆನ್ನಾಗದೆ,” ಎಂದ. ಇಪ್ಪತ್ತೆರಡು ವರ್ಷದಲ್ಲಿ ತನ್ನ ಮಗನ ಬಗ್ಗೆ ಹೊರಗಿನವರು ಒಳ್ಳೆಯ ಮಾತಾಡಿದ್ದನ್ನು ಪೂವಮ್ಮ ಕೇಳಿದ್ದು ಅದೇ ಮೊದಲು.

ಶನಿವಾರ ಸಂಜೆ ಬೊಳ್ಳಮ್ಮ ಜಗಲಿಯಲ್ಲಿ ಕುಳಿತು ಮಗನಿಗೆ ತಿಳಿಸಿದಳು. “ನಾಳೆ ನಾ ಸಿನಿಮಾಕೆ ಹೋನೆ.”

ಮೇಷ್ಟ್ರು ಕನ್ನಡಕ ತೆಗೆದರು. “ಅವ್ವ, ಜನ ನೋಡಿದರೆ ಏನೆಂದಾರು?”

“ಜನ ನನ್ನ ಕಣ್ಣಿಗೆ ಕಾಣ್ದಿಲ್ಲೆ. ಪೊರೆ ಬಂದುಟ್ಟು.”

“ಕಣ್ಣು ಕಾಣದವಳು ಸಿನಿಮಾ ನೋಡುವುದೇನು?”

“ನೋಡಕೆ ಯಾರ್ ಹೋದು? ಪದ ಕೇಳಕೆ. ನಂಗೆ ಎಪ್ಪತ್ತೆರಡ್ ಆತ್. ಇನ್ನ್ ಹಾಳಾಕೆ ಹೊತ್ತಿಲ್ಲೆ. ಪೂವಮ್ಮ ಕೈ ಹಿಡ್ಕಂಡ್ ಬರ್ಲಿ.”

ತಾಯಿಗೆ ಎದುರು ಹೇಳುವ ಪಾಠ ಮೇಷ್ಟ್ರ ಶಾಲೆಯಲ್ಲಿರಲಿಲ್ಲ. ಪೂವಮ್ಮ ತಲೆ ತಗ್ಗಿಸಿ ಹುರುಳಿ ಆರಿಸುತ್ತಿದ್ದಳು. ಹುರುಳಿಯಲ್ಲಿ ಕಲ್ಲಿರಲಿಲ್ಲ. ಆದರೂ ಆರಿಸಿದಳು.

ಈ ಚಿತ್ರ ಬಂದ ಮೇಲೆ ಭಾನುವಾರ ಮಾತ್ರ ಡೇರೆಯ ಮೇಲೆ ಕಪ್ಪು ಬಟ್ಟೆ ಹೊದೆಸಿ ಮಧ್ಯಾಹ್ನ ಮೂರಕ್ಕೆ ಒಂದು ಆಟ. ಒಳಗೆ ಧಗೆ. ಹೆಂಗಸರ ಬೆಂಚಿನಲ್ಲಿ ಅತ್ತೆ, ಸೊಸೆ, ಇನ್ನು ಐದಾರು ಜನ. ಬಾಗಿಲಲ್ಲಿ ಟಿಕೇಟು ಹರಿಯುತ್ತಿದ್ದ ಧರ್ಮಪಾಲ ಅಜ್ಜಿಯನ್ನು ಎತ್ತಿಕೊಂಡೇ ಒಳಗೆ ತಂದು ಕೂರಿಸಿದ. ಅವ್ವನ ಮುಖ ನೋಡಿ ಮತ್ತೆ ಬಾಗಿಲಿಗೆ ಹೋದ.

ಪೂವಮ್ಮ ಮೊದಲು ಅತ್ತೆಯ ಕಿವಿಯಲ್ಲಿ ಪಿಸುಗುಟ್ಟಿದಳು. “ಈಗ ಅಡಿಗೆಯಂವ ಬಂದ. ಮೀಸೆ ಅಂಟಿಸ್ಕಂಡುಟ್ಟು. ಒಂದು ಬದಿ ಕಿತ್ತ್ ಬಂದುಟ್ಟು.” ಬೊಳ್ಳಮ್ಮ, “ಗಟ್ಟಿ ಹೇಳ್, ಪದ ಬಂದರೆ ಕೇಳ್ದಿಲ್ಲೆ,” ಎಂದಳು. ಪೂವಮ್ಮ ಗಟ್ಟಿಯಾಗಿ ಹೇಳಿದಳು. ಹಿಂದಿನ ಸಾಲಿನ ಗುಮಾಸ್ತನೊಬ್ಬ ‘ಶ್’ ಎಂದ. ನೆಲದಲ್ಲಿ ಕುಳಿತಿದ್ದ ತಮಿಳು ಹೆಂಗಸೊಬ್ಬಳು ತಿರುಗಿ, “ಅಮ್ಮ, ಹೇಳಿ ಹೇಳಿ. ನಂಗೂ ಕನ್ನಡ ಕಷ್ಟ,” ಎಂದಳು. ಆಮೇಲೆ ಪೂವಮ್ಮ ನಿಲ್ಲಿಸಲಿಲ್ಲ. ಸೌಟು ಬಂತೆಂದಳು, ಸಾಹುಕಾರ ಸಾರು ಕುಡಿದು ಮುಖ ಕಿವುಚಿದನೆಂದಳು, ಕಣಜಕ್ಕೆ ಬಿದ್ದನೆಂದಳು, ಹೇಳುತ್ತ ಹೇಳುತ್ತ ನಕ್ಕು ಸೆರಗಿನಲ್ಲಿ ಕಣ್ಣೊರೆಸಿದಳು. ಅವಳು ಹೀಗೆ ನಕ್ಕು ಎಷ್ಟು ವರ್ಷವಾಗಿತ್ತೋ, ಲೆಕ್ಕ ಯಾರಿಟ್ಟಿದ್ದರು?

ಏಳು ಗಂಟೆಗೆ ಮನೆ ಸೇರಿದರು. ಯಮುನ ಅನ್ನ ಮಾಡಿ ಇಟ್ಟಿದ್ದಳು. ಮೇಷ್ಟ್ರು ಊಟಕ್ಕೆ ಕುಳಿತರು. ಪೂವಮ್ಮ ಸಾರು ಬಡಿಸಲು ಸೌಟೆತ್ತಿದಳು, ಬೊಳ್ಳಮ್ಮ ಮೂಲೆಯಿಂದ ಕುಲುಕುಲು ನಕ್ಕಳು. ಪೂವಮ್ಮನಿಗೂ ತಡೆಯಲಾಗಲಿಲ್ಲ, ಸಾರು ಎಲೆಯ ಹೊರಗೆ ಬಿತ್ತು.

“ಸಾಕು,” ಎಂದರು ಮೇಷ್ಟ್ರು. “ಇದಕ್ಕೇ ನಾನು ಹೇಳಿದ್ದು. ಹೆತ್ತ ತಂದೆಯ ಅವಮಾನ ಕಂಡು ನಗುವುದು.”

“ಅವಮಾನ ಎಂತದ್?” ಎಂದಳು ಪೂವಮ್ಮ, ನೆಲ ಒರೆಸುತ್ತ. “ಸಾಹುಕಾರಂಗೆ ಎಲ್ಲ ಗೊತ್ತಿತ್ತಲ್ಲ. ಕಣಜಂದ ಹೊರಗೆ ಬಂದ ಮೇಲೆ ಅಂವನೇ ಹೇಳ್ದೆ...”

“ಕಣಜದಿಂದ ಹೊರಗೆ ಬರುತ್ತಾನೆಯೇ?”

ಪೂವಮ್ಮ ಒರೆಸುವುದನ್ನು ನಿಲ್ಲಿಸಿ ತಲೆ ಎತ್ತಿದಳು. ಯಮುನ ಅಪ್ಪನನ್ನು ನೋಡಿದಳು. ಬೊಳ್ಳಮ್ಮನ ನಗೆಯೂ ನಿಂತಿತು.

“ಅಂವ ಬಂದೆ,” ಎಂದಳು ಪೂವಮ್ಮ ಮೆಲ್ಲಗೆ. “ಬಂದ್ ಮಕ್ಕಳ ಮುಂದೆ ಕೂತ್ ಹೇಳ್ದೆ. ‘ಇಂವ ಅಡಿಗೆಯಂವ ಅಲ್ಲ ಅಂತ ಮೊದಲ ದಿನವೇ ನಂಗೆ ಗೊತ್ತಾತ್, ಸಾರು ನಾಯಿಯೂ ಮುಟ್ಟುವ ಹಾಂಗಿತ್ಲೆ. ಆದರೂ ಆರು ತಿಂಗಳು ಅದನ್ನೇ ಉಂಡೆ. ಅಡಿಗೆಕೋಣೆಂದ ಇಂವನ ಪದ ಕೇಳೊಕಿತ್. ಸತ್ತುಹೋದ ನಿಮ್ಮವ್ವ ಒಲೆ ಮುಂದೆ ಹಾಂಗೇ ಹಾಡ್ತಿದ್ದಳ್. ಅವಳ್ ಹೋದ ಮೇಲೆ ಮನೆಲಿ ಯಾರ್ ಹಾಡಿದರೂ ನಂಗೆ ಸಂಕಟ ಆಗ್ತಿತ್, ಅದಕ್ಕೇ ಬೈತಿದ್ದೆ,’ ಅಂತ ಅಂವ ಹೇಳ್ದೆ.”

ಮೇಷ್ಟ್ರು ಅನ್ನದಿಂದ ಬೆರಳು ತೆಗೆದರು. “ಅದು ಯಾವಾಗ ಬರುತ್ತದೆ?”

“ಕಡೆಗೆ. ಕಣಜಕ್ಕೆ ಬಿದ್ದ ಮೇಲೆ ಇನ್ನೂ ಮೂರು ರೀಲು ಉಟ್ಟಂತೆ.”

ಬೇರೆ ದಿನಗಳಲ್ಲಿ ಮೊದಲ ಆಟ ಸಂಜೆ ಆರೂವರೆಗೆ. ಮೂರ್ನಾಡಿನ ಕಡೆಯ ಬಸ್ಸು ಎಂಟೂಮುಕ್ಕಾಲಿಗೆ. ಚಿತ್ರ ಮುಗಿಯುವುದು ಒಂಬತ್ತು ದಾಟಿದ ಮೇಲೆ. ಎಂಟೂವರೆಯಾಯಿತೆಂದರೆ ಪರದೆಯ ಮೇಲೆ ಏನೇ ನಡೆಯುತ್ತಿರಲಿ, ಮೂರ್ನಾಡಿನವರೆಲ್ಲ ಪಂಚೆ ಕೊಡವಿ ಎದ್ದುಬಿಡುತ್ತಿದ್ದರು. ಅದು ಅವರ ಪದ್ಧತಿ. ಬಸ್ಸಿನೊಳಗೆ ಯಾರಾದರೊಬ್ಬರು “ಇನ್ನೆಂತ, ಮದುವೆ ಆಗಿ ಮಂಗಳ” ಎನ್ನುವರು, ಉಳಿದವರು ಹೌದೆನ್ನುವರು. ಚಿತ್ರ ಅಲ್ಲಿಗೆ ಮುಗಿಯಿತು. ಮೇಷ್ಟ್ರು ಕುರ್ಚಿಯಲ್ಲಿ ಕೂರುವವರು, ಪಾಸಿನಲ್ಲಿ ಹೋಗುವವರು, ಆದರೂ ಅದೇ ಬಸ್ಸು. ನಾಲ್ಕು ವರ್ಷ ಅವರಿಗೂ ಇದೊಂದು ಕೊರತೆಯೆಂದು ಹೊಳೆದಿರಲಿಲ್ಲ, ಊರಲ್ಲಿ ಯಾರಿಗೂ ಹೊಳೆದಿರಲಿಲ್ಲ.

“ಹಾಂಗಾದರೆ,” ಎಂದಳು ಬೊಳ್ಳಮ್ಮ ಕತ್ತಲೆಯ ಮೂಲೆಯಿಂದ, “ಊರವು ಎಲ್ಲ ಸೇರಿ ಆ ಸಾಹುಕಾರನನ್ನ ಕಣಜಲಿ ಬಿಟ್ಟ್ ಬಂದದ್ದ್.”

ಮೇಷ್ಟ್ರು ಉಣ್ಣದೆ ಎದ್ದರು.

ಸೋಮವಾರ ಬೆಳಿಗ್ಗೆ ಯಮುನಳಿಂದ ಸುದ್ದಿ ತಿಳಿದ ಧರ್ಮಪಾಲ ಹಟ್ಟಿಯ ಹತ್ತಿರ ಹಾಲು ಕರೆಯುತ್ತಿದ್ದ ಅವ್ವನ ಬಳಿಗೆ ಬಂದ. ಅವನ ನಗೆ ಕೇಳಿ ಹಸು ಕಾಲೆತ್ತಿತು.

“ನಾಲ್ಕು ವರ್ಷ. ಮುಗಿಯುವ ಮೊದಲೇ ಎದ್ದ್ ಬಂದ್ ಎಲ್ಲರಿಗೂ ಮಾರ್ಕು ಹಾಕಿದ ದೊಡ್ಡ ಮನುಷ್ಯ. ನಂಗೂ ಹಾಂಗೇ ಹಾಕಿದ್ದ್. ಇಂದೇ ಮೂರ್ನಾಡ್ ಪೇಟೆಲಿ ನಿಂತ್ ಹೇಳ್ನೆ.”

“ಹೇಳ್. ಹೇಳಿ ನಾಳೆ ಅಪ್ಪನ ಮೊಖ ಹೆಂಗೆ ನೋಡಿಯ?”

“ಅವು ನನ್ನ ಮೊಖ ನೋಡಿ ಬರ್ದದ್ದಾ?”

ಪೂವಮ್ಮ ಹಸುವಿನ ಬೆನ್ನು ಸವರಿದಳು. “ಹಸು ಹೆದರಿತ್, ಆಚೆ ಹೋಗ್,” ಎಂದಳು.

ಅವನು ಪೇಟೆಗೆ ಹೋದ. ಏನು ಹೇಳಿದ, ಹೇಳಲಿಲ್ಲ, ಅವಳಿಗೆ ತಿಳಿಯದು. ಸಂಜೆಯವರೆಗೂ ಯಾರೂ ಬಂದು ಕೇಳಲಿಲ್ಲ, ಅಷ್ಟೆ.

ಮಂಗಳವಾರ ಪತ್ರಿಕೆಗೆ ಬರಹ ಹೋಗುವ ದಿನ. ಮಧ್ಯಾಹ್ನದ ಬಸ್ಸಿನ ಕಂಡಕ್ಟರ್ ನಾಣಯ್ಯನ ಕೈಯಲ್ಲಿ ಲಕೋಟೆ ಕೊಡಬೇಕು. ಮೇಷ್ಟ್ರು ಶಾಲೆಗೆ ರಜೆ ಹಾಕಿ ಮೇಜಿನ ಮುಂದೆ ಕುಳಿತಿದ್ದರು. ಪೂವಮ್ಮ ಬಾಳೆಕಾಯಿ ಹೆಚ್ಚುತ್ತಿದ್ದಳು. ಮೇಷ್ಟ್ರು ಅಡಿಗೆಕೋಣೆಯ ಬಾಗಿಲಿಗೆ ಬಂದು ನಿಂತರು. ಆ ಹೊತ್ತಿನಲ್ಲಿ ಅವರು ಅಲ್ಲಿಗೆ ಬಂದವರೇ ಅಲ್ಲ.

“ಆ ಸಾಹುಕಾರ ಕೊನೆಯಲ್ಲಿ ಹಾಡುತ್ತಾನೋ?”

“ಎರಡು ಸಾಲು. ಸ್ವರ ಇಲ್ಲೆ.”

“ಮಕ್ಕಳು ನಗುತ್ತಾರೋ?”

“ಸಣ್ಣವಳ್ ನಗ್ತಿದ್ದಳ್. ದೊಡ್ಡವಳ್ ಅತ್ತದ್ದ್.” ಪೂವಮ್ಮ ಚಾಕು ಕೆಳಗಿಟ್ಟಳು. “ನೀವು ಬರೆಯೊಕು ಅಂತ ನಾ ಹೇಳ್ದಿಲ್ಲೆ. ಬರ್ದರೆ ಊರು ನಗ್ದು, ಅದೂ ನಂಗೆ ಗೊತ್ತುಟ್ಟು. ಬರೆಯದೆ ಇದ್ದರೆ ಧರ್ಮು ನಿಮ್ಮ ಭಾವನ ಆ ಹಾಜರಿ ಪುಸ್ತಕ ಮತ್ತೆ ಹಿಡಿಯೊಕು. ಹಿಡಿದರೆ ಈ ಸಲ ಅಂವ ಈ ಮನೆಗೆ ತಿರುಗಿ ಬಾದಿಲ್ಲೆ.”

ಮೇಷ್ಟ್ರು ಹೆಚ್ಚಿದ ಹೋಳುಗಳನ್ನು ನೋಡಿ, “ಬಾಳೆಕಾಯಿಗೆ ಖಾರ ಕಡಿಮೆ ಹಾಕು,” ಎಂದು ಹೋದರು. ಬಸ್ಸಿನ ಹೊತ್ತಿಗೆ ಲಕೋಟೆ ಹೋಯಿತು. ಅದರಲ್ಲಿ ಏನಿದೆಯೆಂದು ಪೂವಮ್ಮ ಕೇಳಲಿಲ್ಲ.

ಶುಕ್ರವಾರ ಯಮುನ ಬಾಗಿಲ ಬೆಳಕಿಗೆ ಹಿಡಿದು ಓದಿದಳು. ಓದುತ್ತ ಅವಳ ಸ್ವರ ಸಣ್ಣಗಾಯಿತು.

“ಓದುಗರಲ್ಲಿ ಅರಿಕೆ. ಈ ಲೇಖಕನು ಮೂರ್ನಾಡಿನ ವಾಸಿ. ಕೊನೆಯ ಬಸ್ಸು ಎಂಟೂಮುಕ್ಕಾಲಿಗೆ ಹೊರಡುತ್ತದೆ. ಆದ ಕಾರಣ ಈ ಅಂಕಣದಲ್ಲಿ ನಾಲ್ಕು ವರ್ಷಗಳಿಂದ ಪರಾಮರ್ಶಿಸಲಾದ ಯಾವ ಚಿತ್ರದ ಕೊನೆಯನ್ನೂ ಈತನು ನೋಡಿರುವುದಿಲ್ಲ. ಕಳೆದ ಭಾನುವಾರ ನನ್ನ ತಾಯಿಯವರೂ ಮನೆಯವರೂ ‘ಹಾರ್ಮೋನಿಯಂ ಅಳಿಯ’ವನ್ನು ಪೂರ್ತಿಯಾಗಿ ನೋಡಿ ಬಂದು, ತಂದೆಯು ಕಣಜದಿಂದ ಹೊರಬರುತ್ತಾನೆಂದು ತಿಳಿಸಿದರು. ಹೆಂಗಸರು ನೋಡಬಾರದೆಂಬ ಮಾತನ್ನು ಹಿಂತೆಗೆದುಕೊಂಡಿದ್ದೇನೆ. ಹಾಡು ಒಂಬತ್ತು ಹೆಚ್ಚಾಯಿತೆಂಬ ಅಭಿಪ್ರಾಯದಲ್ಲಿ ಬದಲಾವಣೆ ಇಲ್ಲ.”

ಧರ್ಮಪಾಲ ರೊಟ್ಟಿ ತಿನ್ನುತ್ತಿದ್ದವನು ಎದ್ದು ಹೊರಗೆ ಹೋದ. ಈ ಸಲ ಸೈಕಲ್ಲನ್ನು ಅಂಗಳದ ಅಂಚಿನಲ್ಲೇ ತಳ್ಳಿಕೊಂಡು ಹೋದ.

ಊರು ನಕ್ಕಿತು. ಮೇಷ್ಟ್ರು ಸಂಜೆ ಹೋಟೆಲಿಗೆ ಹೋದರೆ ಕೂಸಪ್ಪ ಎಂಬ ಕಾಫಿ ವ್ಯಾಪಾರಿ ಎಲ್ಲರೆದುರಿಗೆ, “ಮೇಷ್ಟ್ರೇ, ಲೋಟದ ಕಾಫಿ ಪೂರ್ತಿ ಕುಡ್ದ್ ಹೋಗಿ, ಬಸ್ಸಿಗೆ ಇನ್ನೂ ಹೊತ್ತುಂಟು,” ಎಂದ. ನಾಲ್ಕು ವರ್ಷ ಅದೇ ಬಸ್ಸಿನಲ್ಲಿ ಅವರ ಪಕ್ಕದಲ್ಲೇ ಕುಳಿತು ಬಂದ ಮಹಾನುಭಾವ ಅವನು. ಮೇಷ್ಟ್ರು ಕಾಫಿ ಪೂರ್ತಿ ಕುಡಿದು, ದುಡ್ಡು ಕೊಟ್ಟು, ಮನೆಗೆ ಬಂದು ಮಲಗಿದರು.

ಶನಿವಾರ ಬೆಳಿಗ್ಗೆ ರಸ್ತೆಯಲ್ಲಿ ಎತ್ತಿನಗಾಡಿ ಬಂದು ನಿಂತಿತು. ಎರಡೂ ಬದಿಗೆ ಚಿತ್ರದ ಬೋರ್ಡು, ಮುಂದೆ ಡೋಲಿನವರು, ಗಾಡಿಯೊಳಗೆ ಚನ್ನಮಲ್ಲಪ್ಪ. ಧರ್ಮಪಾಲ ಇಳಿದು ಅಂಗಳಕ್ಕೆ ಬಂದು ತುತ್ತೂರಿಯನ್ನು ಜಗಲಿಯ ಮೇಲಿಟ್ಟು ಕುಳಿತುಬಿಟ್ಟ. ಹಿಂದೆಯೇ ಯಜಮಾನ ಬಂದ.

“ತಾಯಿ, ನೀವೇ ಬುದ್ಧಿ ಹೇಳಿ. ಜನ ಬರೋ ಹೊತ್ಗೆ ಕೂಗಲ್ಲ ಅಂತಾನೆ.”

ಪೂವಮ್ಮ ಮಗನ ಕೈಯಲ್ಲಿದ್ದ ನೋಟೀಸು ತೆಗೆದು ನೋಡಿದಳು. ಹಳದಿ ಕಾಗದ, ದಪ್ಪಕ್ಷರ: ‘ಮೂರ್ನಾಡಿನ ಮೇಷ್ಟ್ರು ನೋಡದ ಮೂರು ರೀಲು. ಬನ್ನಿ, ನೀವು ನೋಡಿ.’

“ಬೇರೆ ಎಂತ ಬೇಕಾದರೂ ಕೂಗ್ತೇನೆ ಯಜಮಾನ್ರೇ,” ಎಂದ ಧರ್ಮಪಾಲ. “ಇದನ್ನು ಕೂಗುದಿಲ್ಲ.”

“ಇದ್ರಿಂದ್ಲೇ ಕಣಪ್ಪಾ ಜನ ಬರೋದು. ಹೋದ ವಾರ ನಿಮ್ಮಪ್ಪಾರನ್ನ ನೀನೇ ಬೈತಿದ್ದೆ.”

“ನಾ ಬೈತೇನೆ. ನನ್ನ ಅಪ್ಪ.”

“ಮೂರ್ನಾಡಲ್ಲಿ ಡೇರೆ ಬ್ಯಾಡ್ವಾ ನಿಂಗೆ?”

“ಬೇಡ. ಎಸ್ಟೇಟಿಗೇ ಹೋಗ್ತೇನೆ.”

ಒಳಗಿನಿಂದ ಮೇಷ್ಟ್ರು ಬಂದರು. ಹೆಂಡತಿಯ ಕೈಯಿಂದ ನೋಟೀಸು ತೆಗೆದುಕೊಂಡು, ಕನ್ನಡಕ ಏರಿಸಿ, ಎರಡು ಸಲ ಓದಿದರು.

“ಇದು ಸರಿಯಿಲ್ಲ,” ಎಂದರು.

ಚನ್ನಮಲ್ಲಪ್ಪ ಪೇಟ ಸರಿಪಡಿಸಿಕೊಂಡ. “ತಪ್ಪಾಯ್ತು ಸ್ವಾಮೀ. ಹರಿದು ಹಾಕ್ಸಿಬಿಡ್ತೀನಿ.”

“ಮೂರ್ನಾಡಿನ ಮೇಷ್ಟ್ರು ಎಂದರೆ ಯಾರು? ಈ ಊರಲ್ಲಿ ನನ್ನನ್ನು ಸೇರಿಸಿ ಐದು ಜನ ಮೇಷ್ಟ್ರಿದ್ದಾರೆ. ಉಳಿದ ನಾಲ್ವರು ಏನು ಮಾಡಿದರು? ಹೆಸರು ಹಾಕಬೇಕಿತ್ತು.” ನೋಟೀಸನ್ನು ಮಗನ ಮಡಿಲಲ್ಲಿಟ್ಟರು. “ಅಚ್ಚಾದದ್ದು ಆಯಿತು. ಕೂಗುವಾಗ ಹೆಸರು ಹೇಳಿ ಕೂಗು.”

ಧರ್ಮಪಾಲ ತಲೆ ಎತ್ತಲಿಲ್ಲ. “ನನ್ನ ಕೈಲಿ ಆದಿಲ್ಲೆ.”

“ಸುಳ್ಳಾಗಿದ್ದರೆ ನಾನೇ ಬೇಡ ಎನ್ನುತ್ತಿದ್ದೆ. ಏಳು.”

ಮಗ ಎದ್ದ. ಪೂವಮ್ಮ ಹಿಟ್ಟಿನ ಕೈಯಲ್ಲೇ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಗಾಡಿ ಹೊರಟಿತು, ಡೋಲು ಎರಡು ಪೆಟ್ಟು ಬಿತ್ತು, ನಿಂತಿತು. “ಮೊಣ್ಣಪ್ಪ ಮೇಷ್ಟ್ರು ನೋಡದ...” ಎಂದು ತುತ್ತೂರಿಯಲ್ಲಿ ಏನೋ ಗೊಣಗಿದ ಹಾಗೆ ಕೇಳಿತು. ಆಚೆಮನೆಯವರು ಇಣುಕಿ ನೋಡಿದರು, ಅವರಿಗೂ ಅರ್ಥವಾಗಲಿಲ್ಲ.

ಮೇಷ್ಟ್ರು ಜಗಲಿಯಿಂದ ಇಳಿದು, ಕಾಫಿಹಣ್ಣು ದಾಟಿ, ಬೇಲಿಯವರೆಗೆ ಹೋದರು.

“ಎಂತದೂ ಕೇಳ್ತಿಲ್ಲೆ ಧರ್ಮು,” ಎಂದು ಕೂಗಿದರು. “ಬಾಯಿ ತುಂಬ ಹೇಳ್.”

ಎರಡನೇ ಸಲ ಹುಡುಗ ಬಾಯಿ ತುಂಬ ಹೇಳಿದ. ಅಡಿಗೆಕೋಣೆಯ ಮೂಲೆಯಲ್ಲಿದ್ದ ಬೊಳ್ಳಮ್ಮನಿಗೂ ತನ್ನ ಮಗನ ಹೆಸರು ಸ್ಪಷ್ಟವಾಗಿ ಕೇಳಿತು.